ಪೆನ್‌ಡ್ರೈವ್ ಸಂತೆಗೆ ಹೋಗಿ ಬಂದಾಗ

'ಅಣ್ಣಾರ, ಇದ್ರಾಗ ಲಗ್ನಪತ್ರಿ ಅದ. ಜಲ್ದಿ ಎರಡು ಪ್ರಿಂಟ್ ತೆಗದು ಕೊಡ್ರಿ, ಬಸ್ಸಿನ ಹೊತ್ತಾತು.'

ಕಲಬುರಗಿ ಜಿಲ್ಲೆಯ ಯಾವುದೇ ಹೋಬಳಿ ಊರಿನ ಜೆರಾಕ್ಸ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಇಂಥದೊಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಚಿಂಚೋಳಿ ತಾಲ್ಲೂಕಿನ ಐನಾಪುರವೂ ಅಂಥ ಊರುಗಳಲ್ಲಿ ಒಂದು. (ಬೆಳಗಾವಿ ಜಿಲ್ಲೆಯ ಕಾಗವಾಡದ ಕಡೆಗೂ ಒಂದು ಐನಾಪುರವಿದೆ, ಅದು ಬೇರೆ. ಇದು ತೊಗರಿ ಸೀಮೆಯ ಐನಾಪುರ.) ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಾದ ಈ ಭಾಗದ ಹಳ್ಳಿಗಳಲ್ಲಿ ಮನೆಮನೆಗೂ ಮೊಬೈಲ್ ಬಂದಿದೆ, ನಿಜ. ಆದರೆ ಕಂಪ್ಯೂಟರ್ ಇನ್ನೂ ಬಹುಮಟ್ಟಿಗೆ ಅಂಗಡಿಯ ವಸ್ತು, ಶಾಲೆಯ ವಸ್ತು, ಕಚೇರಿಯ ವಸ್ತು. ಆಧಾರ್ ಪ್ರತಿ, ಪಹಣಿ, ಬೆಳೆವಿಮೆಯ ಅರ್ಜಿ, ಮಕ್ಕಳ ಅಂಕಪಟ್ಟಿ, ಮಹಿಳಾ ಸಂಘದ ಲೆಕ್ಕಪತ್ರ, ಜಾತ್ರೆಯ ಕರಪತ್ರ... ಇಡೀ ಊರಿನ ಕಾಗದಪತ್ರವೆಲ್ಲ ಒಂದೆರಡು ಪೆಟ್ಟಿಗೆಗಳ ಮೂಲಕವೇ ಹಾದುಹೋಗಬೇಕು.

ಅಂಗಡಿಯವರು ಪೆನ್‌ಡ್ರೈವ್ ಚುಚ್ಚುತ್ತಾರೆ. ಲಗ್ನಪತ್ರಿಕೆಯ ಎರಡು ಪ್ರತಿ ಹೊರಬರುತ್ತವೆ. ಗಿರಾಕಿ ದುಡ್ಡು ಕೊಟ್ಟು ಬಸ್ಸಿಗೆ ಓಡುತ್ತಾರೆ. ಎಲ್ಲ ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷದಲ್ಲಿ ಪೆನ್‌ಡ್ರೈವ್ ತಾನು ತಂದದ್ದನ್ನಷ್ಟೇ ಹೊತ್ತು ಮರಳುತ್ತದೆಯೇ? ಮರುದಿನ ಅದೇ ಪೆನ್‌ಡ್ರೈವ್ ಮಗಳ ಶಾಲೆಯ ಕಂಪ್ಯೂಟರಿಗೆ, ಅಲ್ಲಿಂದ ಮಾಸ್ತರರ ಲ್ಯಾಪ್‌ಟಾಪಿಗೆ, ಅಲ್ಲಿಂದ ಇನ್ನೊಂದು ಪೆನ್‌ಡ್ರೈವಿನಲ್ಲಿ ಯಾವುದೋ ಕಚೇರಿಗೆ! ಸಂತೆಯಲ್ಲಿ ಹತ್ತು ಊರಿನ ದನ ಒಂದೇ ತೊಟ್ಟಿಯ ನೀರು ಕುಡಿದರೆ ಏನಾಗುತ್ತದೆಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಜೆರಾಕ್ಸ್ ಅಂಗಡಿಯ ಯುಎಸ್‌ಬಿ ರಂಧ್ರವೂ ಅಂಥದೇ ಒಂದು ತೊಟ್ಟಿ.

ಓಡಿಸಿದರೆ ಮಾತ್ರ ಓಡುವ ವಸ್ತು

'ವೈರಸ್' ಎಂಬ ಹೆಸರು ಕೇಳಿ ಅದು ಗಾಳಿಯಲ್ಲಿ ತೇಲಿ ಬರುವ ಏನೋ ಒಂದು ಎಂದು ಭಾವಿಸುವವರು ಈಗಲೂ ಇದ್ದಾರೆ. ಕಂಪ್ಯೂಟರಿಗೆ ಹತ್ತುವ ವೈರಸ್ ಜೀವಿಯಲ್ಲ, ಧೂಳಲ್ಲ, ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಅದು ಮನುಷ್ಯ ಬರೆದ ಒಂದು ಪ್ರೋಗ್ರಾಂ, ಅಂದರೆ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಪಟ್ಟಿ. 'ನನ್ನ ಇನ್ನೊಂದು ಪ್ರತಿ ಮಾಡು' ಎನ್ನುವುದು ಆ ಪಟ್ಟಿಯ ಮುಖ್ಯ ಆಜ್ಞೆ. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಫ್ರೆಡ್ ಕೋಹೆನ್ 1983ರಲ್ಲಿ ಇಂಥ ಪ್ರೋಗ್ರಾಮೊಂದನ್ನು ಪ್ರಯೋಗಕ್ಕಾಗಿ ಬರೆದಾಗ ಅದಕ್ಕೆ ವೈರಸ್ ಎಂಬ ಹೆಸರು ಸೂಚಿಸಿದವರು ಅವರ ಅಧ್ಯಾಪಕ ಲೆನರ್ಡ್ ಆಡಲ್‌ಮನ್.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಯಾರಾದರೂ ಅದನ್ನು ಓಡಿಸಬೇಕು. ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುವ ವೈರಸ್ ಡಬ್ಬಿಯಲ್ಲಿಟ್ಟ ಬೀಜದ ಹಾಗೆ. ಆದ್ದರಿಂದ ವೈರಸ್ ಬರೆಯುವವನ ಮುಂದೆ ಇರುವ ಪ್ರಶ್ನೆ ಒಂದೇ: ಅದನ್ನು ಓಡಿಸುವವರು ಯಾರು? ಒಂದೋ ಎದುರಿಗೆ ಕುಳಿತ ಮನುಷ್ಯನಿಗೆ ಮೋಸಮಾಡಿ ಅವನ ಕೈಯಿಂದಲೇ ಓಡಿಸಬೇಕು, ಇಲ್ಲವೇ ಮನುಷ್ಯನನ್ನು ಕೇಳದೆ ಯಂತ್ರವೇ ಓಡಿಸುವಂತೆ ಮಾಡಬೇಕು. ನಾಲ್ಕು ದಶಕಗಳ ವೈರಸ್ ಚರಿತ್ರೆ ಈ ಎರಡು ಉಪಾಯಗಳ ಸುತ್ತಲೇ ಸುತ್ತುತ್ತದೆ. ಅವುಗಳಿಂದ ಪಾರಾಗುವ ದಾರಿಯೂ ಅಲ್ಲೇ ಇದೆ.

ಲಾಹೋರಿನ ಅಣ್ಣತಮ್ಮ, ಜೋಶಿಯ ಹುಟ್ಟುಹಬ್ಬ

ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಹೆಸರಾದದ್ದು 1986ರ 'ಬ್ರೇನ್'. ಹುಟ್ಟಿದ್ದು ದೂರದ ಅಮೆರಿಕದಲ್ಲಲ್ಲ, ಪಕ್ಕದ ಲಾಹೋರಿನಲ್ಲಿ! ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರು ಅದನ್ನು ಬರೆದರು. ತಮ್ಮ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುವುದನ್ನು ಪತ್ತೆಹಚ್ಚಲು ಹಾಗೆ ಮಾಡಿದೆವೆಂದು ಅವರು ಹೇಳಿಕೊಂಡರು. ವೈರಸ್ಸಿನ ಒಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಬರೆದಿದ್ದರು ಎಂದರೆ ಆ ಕಾಲದ ಮುಗ್ಧತೆಯನ್ನು ಊಹಿಸಬಹುದು. 360 ಕಿಲೋಬೈಟಿನ ಫ್ಲಾಪಿಗಳಲ್ಲಿ ಕುಳಿತು, ಅಂತರ್ಜಾಲದ ಹಂಗಿಲ್ಲದೆ, ಕೈಯಿಂದ ಕೈಗೆ ಸಾಗಿಯೇ ಅದು 1987ರ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳನ್ನು ಮುಟ್ಟಿತ್ತು.

ಅದನ್ನು ಓಡಿಸಿದವರು ಯಾರು? ಯಂತ್ರವೇ. ಅಂದಿನ ಪಿಸಿ ಸ್ವಿಚ್ ಹಾಕಿದೊಡನೆ ಮೊದಲು ಫ್ಲಾಪಿಯ ತೆರೆಯ ಭಾಗವಾದ 'ಬೂಟ್ ಸೆಕ್ಟರ್' ಓದಿ, ಅಲ್ಲಿ ಬರೆದದ್ದನ್ನು ಕಣ್ಣುಮುಚ್ಚಿ ಪಾಲಿಸುತ್ತಿತ್ತು. ಬ್ರೇನ್ ಕುಳಿತದ್ದು ಸರಿಯಾಗಿ ಅಲ್ಲಿ. ನಿನ್ನೆ ಬಳಸಿದ ಫ್ಲಾಪಿಯನ್ನು ಡ್ರೈವಿನಲ್ಲೇ ಮರೆತು ಇಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಮುಗಿಯಿತು. 'ಇದು ಸಿಸ್ಟಂ ಡಿಸ್ಕ್ ಅಲ್ಲ' ಎಂಬ ಸಂದೇಶ ಪರದೆಯ ಮೇಲೆ ಮೂಡಿ, ನಾವು ನಾಲಿಗೆ ಕಚ್ಚಿಕೊಂಡು ಫ್ಲಾಪಿ ಹೊರತೆಗೆಯುವಷ್ಟರಲ್ಲಿ ಆ ಜಾತಿಯ ವೈರಸ್ ಮೆಮೊರಿಗೆ ಸೇರಿಯಾಗಿರುತ್ತಿತ್ತು.

1990ರಲ್ಲಿ ನಮ್ಮ ದೇಶದಲ್ಲೇ ಮೊದಲು ಕಂಡುಬಂದ ಇನ್ನೊಂದು ಬೂಟ್ ವೈರಸ್ ಜಗತ್ಪ್ರಸಿದ್ಧವಾಯಿತು. ಅದರ ಹೆಸರು 'ಜೋಶಿ'. ವರ್ಷವಿಡೀ ತೆಪ್ಪಗಿದ್ದು ಜನವರಿ 5ರಂದು ಯಂತ್ರವನ್ನು ತಡೆದು ನಿಲ್ಲಿಸಿ, 'ಹ್ಯಾಪಿ ಬರ್ತ್‌ಡೇ ಜೋಶಿ ಎಂದು ಟೈಪ್ ಮಾಡಿ' ಎಂದು ಕೇಳುತ್ತಿತ್ತು. ಟೈಪ್ ಮಾಡಿದರೆ ಸಂತೋಷದಿಂದ ಮುಂದೆ ಬಿಡುತ್ತಿತ್ತು! ಮೂರು ಕೀಲಿ ಒಟ್ಟಿಗೆ ಒತ್ತಿ ಯಂತ್ರವನ್ನು ಮರುಚಾಲನೆ ಮಾಡಿದರೂ ಅದು ಮೆಮೊರಿ ಬಿಟ್ಟು ಕದಲುತ್ತಿರಲಿಲ್ಲ; ವಿದ್ಯುತ್ತನ್ನೇ ಆರಿಸಬೇಕಾಗಿತ್ತು. ಯಾವ ಜೋಶಿ, ಯಾರ ಹುಟ್ಟುಹಬ್ಬ ಎಂಬುದು ಗುಟ್ಟಾಗಿಯೇ ಉಳಿದಿದೆ.

ಇಂಥ ಫ್ಲಾಪಿಗಳ ಕಾಲದಲ್ಲೇ ಪುಣೆಯಲ್ಲಿ ಕೈಲಾಸ್ ಕಾಟ್ಕರ್ ಎಂಬ ಯುವಕ ಕ್ಯಾಲ್ಕುಲೇಟರ್ ಮತ್ತು ಕಚೇರಿ ಯಂತ್ರಗಳ ದುರಸ್ತಿ ಅಂಗಡಿ ಇಟ್ಟುಕೊಂಡಿದ್ದರು. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ್ದ ಅವರು ಕಂಪ್ಯೂಟರ್ ದುರಸ್ತಿಗೂ ಕೈಹಾಕಿದಾಗ ಕಂಡದ್ದೇನು? ರಿಪೇರಿಗೆ ಬರುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ಬೇಕಾಗಿದ್ದದ್ದು ಸ್ಕ್ರೂಡ್ರೈವರ್ ಅಲ್ಲ, ವೈರಸ್ ತೊಲಗಿಸುವ ಮದ್ದು. ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ ತಮ್ಮ ಸಂಜಯ್ ಆ ಮದ್ದನ್ನು ಬರೆದರು. ಅದೇ ಮುಂದೆ 'ಕ್ವಿಕ್ ಹೀಲ್' ಎಂಬ ಹೆಸರಿನಲ್ಲಿ ದೇಶದ ಅಂಗಡಿ ಅಂಗಡಿಗೂ ಬಂತು. ಕಂಪನಿ 2016ರಲ್ಲಿ ಶೇರುಪೇಟೆಯನ್ನೂ ಏರಿತು. ರೋಗ ಮೊದಲು ಕಾಣುವುದು ದುರಸ್ತಿಯವನ ಮೇಜಿನ ಮೇಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅಂದಿನ ಫ್ಲಾಪಿಯಲ್ಲಿ ಒಂದು ಸೊಗಸಾದ ಅನುಕೂಲವಿತ್ತು. ದೊಡ್ಡ ಫ್ಲಾಪಿಯ ಅಂಚಿನ ಕಚ್ಚಿಗೆ ಒಂದು ಚೂರು ಕಾಗದ ಅಂಟಿಸಿದರೆ, ಚಿಕ್ಕದರ ಮೂಲೆಯ ಗುಂಡಿ ಸರಿಸಿದರೆ, ಅದರ ಮೇಲೆ ಏನನ್ನೂ ಬರೆಯಲಾಗುತ್ತಿರಲಿಲ್ಲ. ಓದಬಹುದು, ಬರೆಯುವಂತಿಲ್ಲ. ಬೀಗ ಹಾಕಿದ ಫ್ಲಾಪಿ ಯಾವ ಅಂಗಡಿಗೆ ಹೋಗಿ ಬಂದರೂ ಶುದ್ಧವಾಗಿಯೇ ಬರುತ್ತಿತ್ತು. ಫ್ಲಾಪಿಯ ಜಾಗಕ್ಕೆ ಬಂದ ಪೆನ್‌ಡ್ರೈವ್‌ಗಳಲ್ಲಿ ಈ ಗುಂಡಿಯಿರುವುದು ಅಪರೂಪ. ಸಾವಿರಾರು ಪಟ್ಟು ಹೆಚ್ಚು ಜಾಗ ಕೊಟ್ಟವರು ಒಂದು ಗುಂಡಿಯನ್ನು ಉಳಿಸಿಕೊಡಲಿಲ್ಲ ಎಂಬುದು ವಿಚಿತ್ರವೇ. ಕ್ಯಾಮೆರಾದ ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಅಂಥ ಸರಿಸುವ ಗುಂಡಿ ಈಗಲೂ ಇದೆ. ಅದನ್ನು ಗೌರವಿಸುವುದು ಓದುವ ಯಂತ್ರದ ಕೆಲಸವಾದ್ದರಿಂದ ಪೂರ್ತಿ ಭರವಸೆ ಸಲ್ಲದು. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಹೆಸರಿನ ಬಾಲ ನೋಡಿ

ಇನ್ನು ಮನುಷ್ಯನ ಕೈಯಿಂದಲೇ ಓಡಿಸುವ ಉಪಾಯ. ಇದರ ಪರಾಕಾಷ್ಠೆ ಕಂಡದ್ದು 2000ದ ಮೇ 4ರಂದು. 'ಐ ಲವ್ ಯೂ' ಎಂಬ ತಲೆಬರಹದ ಇ-ಮೇಲ್ ಫಿಲಿಪ್ಪೀನ್ಸಿನಿಂದ ಹೊರಟು ಒಂದೇ ದಿನದಲ್ಲಿ ಭೂಮಿಯನ್ನು ಸುತ್ತಿತು. ಜೊತೆಗೊಂದು ಪ್ರೇಮಪತ್ರ. ಆ ಕಡತದ ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ', ಅಂದರೆ ಬರಿಯ ಪಠ್ಯ ಎಂದು ಕಾಣುತ್ತಿತ್ತು. ಆದರೆ ನಿಜವಾದ ಬಾಲ ಅದರ ಹಿಂದೆ ಇತ್ತು: 'ವಿಬಿಎಸ್'. ಅದು ಪತ್ರವಲ್ಲ, ಪ್ರೋಗ್ರಾಂ. ವಿಂಡೋಸ್ ತನಗೆ ಪರಿಚಿತವಾದ ಬಾಲಗಳನ್ನು ಕಣ್ಣಿಗೆ ಕಾಣದಂತೆ ಮುಚ್ಚಿಡುವ ಪದ್ಧತಿ ಇಟ್ಟುಕೊಂಡಿದ್ದರಿಂದ ಲಕ್ಷಾಂತರ ಮಂದಿ ಪತ್ರವೆಂದೇ ತಿಳಿದು ಅದನ್ನು ತೆರೆದರು.

ಆಶ್ಚರ್ಯದ ಸಂಗತಿಯೆಂದರೆ ವಿಂಡೋಸ್ ಇಂದಿಗೂ ಬಾಲ ಮುಚ್ಚಿಯೇ ಮನೆಗೆ ಬರುತ್ತದೆ! ಹೊಸ ಕಂಪ್ಯೂಟರ್ ತಂದ ದಿನ ಪೂಜೆ ಮಾಡಿ ಕುಂಕುಮ ಹಚ್ಚಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಇದು: ಕಡತಗಳ ಕಿಟಕಿ ತೆರೆದು, ಮೇಲಿನ 'ವ್ಯೂ' ಪಟ್ಟಿಯಲ್ಲಿ 'ಶೋ' ಒತ್ತಿ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕುವುದು. (ವಿಂಡೋಸ್ 10ರಲ್ಲಿ ಇದು 'ವ್ಯೂ' ಒತ್ತಿದೊಡನೆಯೇ ಕಾಣುತ್ತದೆ.) ಆಮೇಲೆ ಪ್ರತಿ ಕಡತವೂ ಪೂರ್ತಿ ಹೆಸರಿನೊಂದಿಗೆ ಕಾಣುತ್ತದೆ. ಫೋಟೋ ಆದರೆ 'ಜೆಪಿಜಿ', ಪತ್ರವಾದರೆ 'ಡಿಒಸಿಎಕ್ಸ್' ಅಥವಾ 'ಪಿಡಿಎಫ್'. ಪತ್ರ ಅಥವಾ ಫೋಟೋ ಎಂದು ಹೇಳಿಕೊಳ್ಳುವ ಕಡತದ ಕೊನೆಯಲ್ಲಿ 'ಇಎಕ್ಸ್‌ಇ', 'ಎಸ್‌ಸಿಆರ್', 'ಬಿಎಟಿ', 'ವಿಬಿಎಸ್' ಎಂದಿದ್ದರೆ ಅದು ವೇಷ ಹಾಕಿಕೊಂಡ ಪ್ರೋಗ್ರಾಂ. ಲಗ್ನಪತ್ರಿಕೆ ಓಡಬೇಕಾಗಿಲ್ಲ, ತೆರೆದು ಓದಿದರೆ ಸಾಕು.

ಬಾಣದ ಗುರುತಿನ ಫೋಲ್ಡರುಗಳು

ಪೆನ್‌ಡ್ರೈವ್ ಬಂದ ಮೇಲೆ ಯಂತ್ರವೇ ವೈರಸ್ ಓಡಿಸುವ ಹಳೆಯ ಕಾಯಿಲೆ ಹೊಸ ರೂಪದಲ್ಲಿ ಮರಳಿತು. 'ಆಟೋರನ್' ಎಂಬ ಅನುಕೂಲವೇ ಇದಕ್ಕೆ ಕಾರಣ. ಸಿಡಿ ಹಾಕಿದೊಡನೆ ಅದರಲ್ಲಿರುವ ಪ್ರೋಗ್ರಾಂ ತಾನಾಗಿ ಶುರುವಾಗಲಿ ಎಂದು ಮಾಡಿದ ಏರ್ಪಾಡು ಅದು. ಪೆನ್‌ಡ್ರೈವಿಗೂ ಅದನ್ನು ಅನ್ವಯಿಸಿದ್ದು ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತಾಯಿತು. 2008ರ ಕೊನೆಯಲ್ಲಿ ಹರಡಿದ 'ಕಾನ್‌ಫಿಕರ್' ಈ ದಾರಿಯನ್ನೂ ಬಳಸಿಕೊಂಡು ಲಕ್ಷಗಟ್ಟಲೆ ಯಂತ್ರಗಳನ್ನು ಹೊಕ್ಕಿತು. ಅದೇ ವರ್ಷ ಅಮೆರಿಕದ ಸೇನೆಯ ಜಾಲಕ್ಕೇ ಪೆನ್‌ಡ್ರೈವ್ ಮೂಲಕ ಹುಳು ನುಗ್ಗಿ, ಅಲ್ಲಿ ಪೆನ್‌ಡ್ರೈವ್ ಬಳಕೆಯನ್ನೇ ನಿಷೇಧಿಸಬೇಕಾಯಿತು. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 7ರಲ್ಲಿ ಈ ಕಿಟಕಿ ಮುಚ್ಚಿತು; 2011ರ ಫೆಬ್ರುವರಿಯಲ್ಲಿ ಹಳೆಯ ವಿಂಡೋಸ್‌ಗಳಿಗೂ ತಿದ್ದುಪಡಿ ಕಳಿಸಿತು.

ಯಂತ್ರ ತಾನಾಗಿ ಓಡಿಸುವುದು ನಿಂತಿತು. ಸರಿ, ಮತ್ತೆ ಮನುಷ್ಯನ ಕೈಯಿಂದಲೇ ಓಡಿಸೋಣ ಎಂದು ವೈರಸ್ ಬರೆಯುವವರು ಹುಡುಕಿದ ಹೂಟವೇ ಇಂದು ಅಂಗಡಿಯವರೆಲ್ಲ 'ಶಾರ್ಟ್‌ಕಟ್ ವೈರಸ್' ಎನ್ನುವುದು. ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಏಕೆಂದರೆ ವೈರಸ್ಸಿಗಿಂತ ಹೆಚ್ಚು ನಷ್ಟವಾಗುವುದು ಅದನ್ನು ಕಂಡ ಗಾಬರಿಯಿಂದ.

ಸೋಂಕಿದ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದೊಡನೆ ವೈರಸ್ ಅದರಲ್ಲಿರುವ ನಿಮ್ಮ ಫೋಲ್ಡರುಗಳಿಗೆಲ್ಲ 'ಹಿಡನ್', ಅಂದರೆ ಅಡಗಿಸಿಟ್ಟದ್ದು ಎಂಬ ಗುರುತು ಹಾಕುತ್ತದೆ. ಅವು ಕಣ್ಣಿಗೆ ಕಾಣದಾಗುತ್ತವೆ. ಅವುಗಳ ಜಾಗದಲ್ಲಿ ಅವೇ ಹೆಸರಿನ, ಅದೇ ಹಳದಿ ಚಿತ್ರದ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. 'ಮದುವೆ ಫೋಟೋ' ಎಂಬ ಫೋಲ್ಡರ್ ಇತ್ತೆನ್ನಿ. ಈಗ ಕಾಣುವುದು 'ಮದುವೆ ಫೋಟೋ' ಎಂಬ ಶಾರ್ಟ್‌ಕಟ್. ಅದರ ಮೇಲೆ ಒತ್ತಿದರೆ ಅದು ಮೊದಲು ವೈರಸ್ಸನ್ನು ಓಡಿಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಒತ್ತಿದವರಿಗೆ ಅನುಮಾನವೇ ಬರುವುದಿಲ್ಲ. ಇದರಲ್ಲಿ ಇನ್ನೊಂದು ಕುತಂತ್ರವುಂಟು. ಶಾರ್ಟ್‌ಕಟ್ಟಿನ ಬಾಲವಾದ 'ಎಲ್‌ಎನ್‌ಕೆ'ಯನ್ನು, ಎಲ್ಲ ಬಾಲಗಳನ್ನೂ ತೋರಿಸು ಎಂದು ಹೇಳಿದ ಮೇಲೂ ವಿಂಡೋಸ್ ತೋರಿಸುವುದಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದದ್ದು ಚಿತ್ರದ ಎಡಮೂಲೆಯ ಪುಟ್ಟ ಬಾಣ, ಮತ್ತು 'ಟೈಪ್' ಎಂಬ ಕಾಲಮ್ಮಿನಲ್ಲಿ 'ಫೈಲ್ ಫೋಲ್ಡರ್' ಎಂದಿದೆಯೋ 'ಶಾರ್ಟ್‌ಕಟ್' ಎಂದಿದೆಯೋ ಎಂಬುದು. ಪೆನ್‌ಡ್ರೈವಿನಲ್ಲಿ ಶಾರ್ಟ್‌ಕಟ್ಟಿಗೆ ಏನು ಕೆಲಸ?

ಇದು ಹಳೆಯ ಕಥೆ ಎಂದುಕೊಳ್ಳಬೇಡಿ. 2021ರಲ್ಲಿ ಬೆಳಕಿಗೆ ಬಂದ 'ರಾಸ್ಪ್‌ಬೆರಿ ರಾಬಿನ್' ಎಂಬ ಹುಳು ಹರಡಿದ್ದೂ ಪೆನ್‌ಡ್ರೈವಿನ ಶಾರ್ಟ್‌ಕಟ್ ಮೂಲಕವೇ. ಅದಕ್ಕೂ ಮುಂಚೆ, 2010ರಲ್ಲಿ ಪತ್ತೆಯಾದ 'ಸ್ಟಕ್ಸ್‌ನೆಟ್' ಇನ್ನೂ ಒಂದು ಹೆಜ್ಜೆ ಮುಂದಿತ್ತು. ಶಾರ್ಟ್‌ಕಟ್ ಒತ್ತುವುದೇ ಬೇಡ, ಅದರ ಚಿತ್ರ ಪರದೆಯ ಮೇಲೆ ಮೂಡಿದರೆ ಸಾಕು, ವಿಂಡೋಸಿನ ಒಂದು ದೋಷದಿಂದಾಗಿ ವೈರಸ್ ಓಡುತ್ತಿತ್ತು. ಅದರ ಗುರಿ ಇರಾನಿನ ಅಣುಸ್ಥಾವರ. ಆದರೆ ಹೆಚ್ಚು ಸೋಂಕಿದ ದೇಶಗಳಲ್ಲಿ ಇರಾನ್, ಇಂಡೊನೇಷ್ಯಾಗಳ ನಂತರ ಕಂಡ ಹೆಸರು ಭಾರತ! ಆ ದೋಷಕ್ಕೆ ಅದೇ ವರ್ಷ ತಿದ್ದುಪಡಿ ಬಂತು. ವಿಂಡೋಸ್ 'ಅಪ್‌ಡೇಟ್' ಕೇಳಿದಾಗ 'ಆಮೇಲೆ' ಎಂದು ಒತ್ತುವ ಅಭ್ಯಾಸ ಬಿಡಬೇಕಾದದ್ದು ಇದಕ್ಕಾಗಿಯೇ.

ಫೋಲ್ಡರುಗಳು ಶಾರ್ಟ್‌ಕಟ್ ಆಗಿಬಿಟ್ಟವು, ಒಳಗಿದ್ದದ್ದೆಲ್ಲ ಹೋಯಿತು ಎಂದು ಎಷ್ಟೋ ಜನ ತಲೆಯ ಮೇಲೆ ಕೈಹೊತ್ತು ಪೆನ್‌ಡ್ರೈವನ್ನು 'ಫಾರ್ಮ್ಯಾಟ್' ಮಾಡಿಬಿಡುತ್ತಾರೆ. ಹೋಗದೇ ಇದ್ದದ್ದು ಹೋಗುವುದು ಆಗ! ಕಡತಗಳು ಹಾಗೆಯೇ ಇರುತ್ತವೆ, ಅಡಗಿರುತ್ತವೆ ಅಷ್ಟೆ. ಶುದ್ಧವಾದ ಕಂಪ್ಯೂಟರೊಂದರಲ್ಲಿ ಮೊದಲು ವೈರಸ್ ನಿರೋಧಕದಿಂದ ಪೆನ್‌ಡ್ರೈವ್ ಶೋಧಿಸಿ, ಶಾರ್ಟ್‌ಕಟ್‌ಗಳನ್ನು ಮುಟ್ಟದೆ ಅಳಿಸಿ, 'ಅಟ್ರಿಬ್' ಎಂಬ ಡಾಸ್ ಕಾಲದ ಆಜ್ಞೆಯಿಂದ ಅಡಗಿಸಿದ ಗುರುತು ತೆಗೆದರೆ ಎಲ್ಲ ಮರಳಿ ಕಾಣುತ್ತವೆ. ಬಲ್ಲ ದುರಸ್ತಿಯವರಿಗೆ ಇದು ಹತ್ತು ನಿಮಿಷದ ಕೆಲಸ. ಆದರೆ ಪೆನ್‌ಡ್ರೈವ್ ಮಾತ್ರ ತೊಳೆದು, ಅದಕ್ಕೆ ರೋಗ ಕೊಟ್ಟ ಕಂಪ್ಯೂಟರನ್ನು ಹಾಗೇ ಬಿಟ್ಟರೆ? ಮರುದಿನ ಮತ್ತೆ ಬಾಣಗಳು.

ಡಿಟಿಪಿ ಅಂಗಡಿಯ ಕಷ್ಟ

ನಮ್ಮ ಕಡೆ ವೈರಸ್ ಬೇರು ಬಿಡಲು ಕನ್ನಡಕ್ಕೇ ಸಂಬಂಧಿಸಿದ ಕಾರಣವೊಂದಿದೆ. ಲಗ್ನಪತ್ರಿಕೆ, ಕರಪತ್ರಗಳನ್ನು ಜೋಡಿಸುವ ಅನೇಕ ಡಿಟಿಪಿ ಅಂಗಡಿಗಳು ವರ್ಷಾನುಗಟ್ಟಲೆ ಪೇಜ್‌ಮೇಕರ್ ಹಾಗೂ ಯುನಿಕೋಡ್‌ಗೂ ಹಿಂದಿನ ಕನ್ನಡ ಅಕ್ಷರಗಳನ್ನು ನಂಬಿ ಬಂದಿವೆ. ಹಳೆಯ ಕಡತಗಳೆಲ್ಲ ಆ ಅಕ್ಷರಗಳಲ್ಲೇ ಇವೆ. ಹೊಸ ಯಂತ್ರಕ್ಕೆ ಒಯ್ದರೆ 'ಚಿ. ಸೌ.' ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಹಾಗಾಗಿ ಹಳೆಯ ವಿಂಡೋಸ್ ಇರುವ ಹಳೆಯ ಪೆಟ್ಟಿಗೆಯನ್ನು ಬಿಡುವಂತಿಲ್ಲ. ವಿಂಡೋಸ್ ಎಕ್ಸ್‌ಪಿಗೆ ತಿದ್ದುಪಡಿ ಬರುವುದು 2014ರ ಏಪ್ರಿಲಿಗೆ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಊರಿನ ಎಲ್ಲರ ಪೆನ್‌ಡ್ರೈವ್ ಬಂದು ಬೀಳುವ ಯಂತ್ರವೇ ಕಾವಲಿಲ್ಲದ ಯಂತ್ರ.

ಇದಕ್ಕೆ 'ಕ್ರ್ಯಾಕ್' ಎಂಬ ಇನ್ನೊಂದು ಪಿಡುಗು ಸೇರುತ್ತದೆ. ದುಬಾರಿ ತಂತ್ರಾಂಶದ ಕದ್ದ ಪ್ರತಿಯನ್ನು ಯಾರಿಂದಲೋ ತಂದು ಹಾಕುವಾಗ 'ಮೊದಲು ಆಂಟಿವೈರಸ್ ಬಂದ್ ಮಾಡ್ರಿ' ಎಂಬ ಸಲಹೆ ಜೊತೆಗೇ ಬರುತ್ತದೆ. ಕಳ್ಳನನ್ನು ಒಳಗೆ ಕರೆಯಲು ನಾಯಿಯನ್ನು ಕಟ್ಟಿಹಾಕು ಎಂದ ಹಾಗೆ.

ಅಂಗಡಿಯವರಿಗೆ ದುಂದು ಖರ್ಚಿಲ್ಲದೆ ಮಾಡಬಹುದಾದ ಕೆಲವು ಏರ್ಪಾಡುಗಳಿವೆ. ಹಳೆಯ ಪೆಟ್ಟಿಗೆಯನ್ನು ಅಕ್ಷರ ಜೋಡಣೆಗಷ್ಟೇ ಮೀಸಲಿಟ್ಟು, ಅದರ ಅಂತರ್ಜಾಲದ ತಂತಿ ಕಳಚಿಡಬಹುದು. ಗಿರಾಕಿಗಳ ಪೆನ್‌ಡ್ರೈವಿಗೆ ಹೊಸ ವಿಂಡೋಸ್ ಇರುವ ಬೇರೆ ಯಂತ್ರ. ಬ್ಯಾಂಕ್ ವ್ಯವಹಾರ, ಸರ್ಕಾರಿ ಪೋರ್ಟಲಿನ ಲಾಗಿನ್ ಇವು ಆ ಯಂತ್ರದಲ್ಲಿ ಬೇಡ. ದಿನನಿತ್ಯದ ಕೆಲಸಕ್ಕೆ 'ಅಡ್ಮಿನಿಸ್ಟ್ರೇಟರ್' ಅಲ್ಲದ ಸಾಮಾನ್ಯ ಖಾತೆ ಬಳಸಿದರೆ ವೈರಸ್ಸಿಗೂ ಸಾಮಾನ್ಯ ಖಾತೆಯಷ್ಟೇ ಅಧಿಕಾರ. ಭಾರತ ಸರ್ಕಾರ 2017ರ ಫೆಬ್ರುವರಿಯಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ' ಆರಂಭಿಸಿದಾಗ, ಹೈದರಾಬಾದಿನ ಸಿ-ಡ್ಯಾಕ್ ರೂಪಿಸಿದ 'ಯುಎಸ್‌ಬಿ ಪ್ರತಿರೋಧ' ಎಂಬ ಉಪಕರಣವೂ ಹೊರಬಂತು. ಅನುಮತಿ ಪಡೆದವರ ಪೆನ್‌ಡ್ರೈವ್ ಮಾತ್ರ ಯಂತ್ರ ಒಪ್ಪುವಂತೆ ಮಾಡುವುದು ಅದರ ಉದ್ದೇಶ. ಶಾಲೆ, ಕಚೇರಿಗಳಿಗೆ ಇಂಥದ್ದು ಒಪ್ಪುತ್ತದೆ. ಅಂಗಡಿಗೆ ಒಪ್ಪದು, ಬಂದವರೆಲ್ಲರ ಪೆನ್‌ಡ್ರೈವ್ ಒಪ್ಪುವುದೇ ಅಂಗಡಿಯ ಕಸುಬು.

ಗಿರಾಕಿಯೂ ಮಾಡಬಹುದಾದದ್ದಿದೆ. ಮುದ್ರಿಸಬೇಕಾದ ಒಂದು ಕಡತಕ್ಕಾಗಿ ಮನೆಯ ಫೋಟೋ, ಹೊಲದ ಕಾಗದ, ಮಗನ ಪ್ರಾಜೆಕ್ಟು ಎಲ್ಲ ತುಂಬಿದ ಪೆನ್‌ಡ್ರೈವ್ ಒಯ್ಯುವುದೇಕೆ? ಸಂತೆಗೆ ಹೋಗುವಾಗ ಎಲ್ಲ ಒಡವೆ ಹಾಕಿಕೊಂಡು ಹೋಗುತ್ತೇವೆಯೇ? ಅಂಗಡಿಗೆಂದೇ ಒಂದು ಖಾಲಿ ಪೆನ್‌ಡ್ರೈವ್ ಇರಲಿ. ಕಡತವನ್ನು 'ಪಿಡಿಎಫ್' ಮಾಡಿ ಒಯ್ದರೆ ಎರಡು ಲಾಭ. ಅಕ್ಷರಗಳು ಅದರೊಳಗೇ ಅಡಕವಾಗುವುದರಿಂದ ಅಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದರೂ ಕನ್ನಡ ಕೆಡುವುದಿಲ್ಲ; ವರ್ಡ್ ಕಡತದಲ್ಲಿ ಅಡಗಿ ಬರುವ 'ಮ್ಯಾಕ್ರೋ' ವೈರಸ್ಸಿನ ಭಯವೂ ಇಲ್ಲ. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿ ತಡೆಯತೊಡಗಿದೆ. ಆದರೆ ಒಂದು ಮಾತು. 'ಇದು ಅಂತರ್ಜಾಲದ್ದು' ಎಂಬ ಮುದ್ರೆ ಸಾಮಾನ್ಯ ಪೆನ್‌ಡ್ರೈವಿಗೆ ನಕಲು ಮಾಡುವಾಗ ಅಳಿಸಿಹೋಗುತ್ತದೆ. ಪೆನ್‌ಡ್ರೈವಿನಲ್ಲಿ ಬಂದ ಕಡತ 'ಎನೇಬಲ್ ಕಂಟೆಂಟ್' ಒತ್ತಿ ಎಂದು ಕೇಳಿದರೆ ಒತ್ತಬಾರದು.

ದಾರಿಯಲ್ಲಿ ಬಿದ್ದು ಸಿಕ್ಕ ಪೆನ್‌ಡ್ರೈವ್ ವಿಷಯದಲ್ಲಂತೂ ಕುತೂಹಲ ಒಳ್ಳೆಯದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಪೆನ್‌ಡ್ರೈವ್‌ಗಳನ್ನು ಬೀಳಿಸಿಟ್ಟು ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವುಗಳಲ್ಲಿ ಶೇ 45ರಷ್ಟನ್ನು ಜನ ಕಂಪ್ಯೂಟರಿಗೆ ಚುಚ್ಚಿ ಒಳಗಿನ ಕಡತ ತೆರೆದರು. ಮೊದಲನೆಯದು ಚುಚ್ಚಿಸಿಕೊಳ್ಳಲು ಆರು ನಿಮಿಷವೂ ಹಿಡಿಯಲಿಲ್ಲ! ಹೆಚ್ಚಿನವರ ಉದ್ದೇಶ ಒಳ್ಳೆಯದೇ ಆಗಿತ್ತು: ಕಳೆದುಕೊಂಡವರನ್ನು ಹುಡುಕಿ ಮರಳಿಸುವುದು.

ತಂತಿಯ ದಾರಿ, ಕಿಸೆಯ ದಾರಿ

ಒಂದೇ ಕಚೇರಿಯ ಯಂತ್ರಗಳು ತಂತಿಯ ಮೂಲಕ ಕಡತ ಹಂಚಿಕೊಳ್ಳುವ ಏರ್ಪಾಡಿನಲ್ಲೂ ಇದೇ ಅಪಾಯ. 2017ರ ಮೇ 12ರಂದು ಶುರುವಾದ 'ವನ್ನಾಕ್ರೈ' ಹೊಕ್ಕಿದ್ದು ವಿಂಡೋಸಿನ ಈ ಕಡತ ಹಂಚಿಕೆಯ ಬಾಗಿಲಿನಿಂದಲೇ. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಕಡತಗಳನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ, ಬಿಡಿಸಿಕೊಡಲು 300 ಡಾಲರ್ ಕೇಳುತ್ತಿತ್ತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಸಿಕ್ಕಿಬಿದ್ದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಅವುಗಳಲ್ಲಿದ್ದವು. ಆ ದೋಷದ ತಿದ್ದುಪಡಿ ಎರಡು ತಿಂಗಳ ಮುಂಚೆಯೇ, ಮಾರ್ಚಿನಲ್ಲೇ ಬಿಡುಗಡೆಯಾಗಿತ್ತು! ಹಾಕಿಕೊಂಡವರು ಉಳಿದರು.

ಈಗ ಹಳ್ಳಿಯ ಮನೆಗಳಿಗೆ ಅತಿ ಹತ್ತಿರ ಬಂದಿರುವುದು ಮೊಬೈಲಿನ ದಾರಿ. ವಾಟ್ಸ್ಆ್ಯಪ್‌ನಲ್ಲಿ ಒಂದು ಲಗ್ನಪತ್ರಿಕೆ ಬರುತ್ತದೆ. ಅಥವಾ ಪಿಎಂ ಕಿಸಾನ್ ಹಣದ ಪಟ್ಟಿ. ಅಥವಾ ಗಾಡಿಯ ದಂಡದ ಚಲನ್. ಕಳಿಸಿದವರು ಪರಿಚಿತರೇ ಆಗಿರಬಹುದು, ಏಕೆಂದರೆ ಅವರ ಫೋನು ಆಗಲೇ ಸೋಂಕಿರಬಹುದು. ಕಡತದ ಹೆಸರಿನ ಬಾಲ ಮಾತ್ರ 'ಎಪಿಕೆ'. ಅದು ಪತ್ರಿಕೆಯಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ಸ್ಥಾಪಿಸುವ ಪ್ರೋಗ್ರಾಂ. 2000ದ ಪ್ರೇಮಪತ್ರದ ಹೂಟವೇ ಲಗ್ನಪತ್ರಿಕೆಯ ವೇಷದಲ್ಲಿ ಬಂದಿದೆ! ಒತ್ತಿದರೆ ಫೋನು 'ಅಪರಿಚಿತ ಮೂಲದ್ದು' ಎಂದು ಎಚ್ಚರಿಸುತ್ತದೆ. ಆದರೂ ಮುಂದುವರಿದು, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ನೇರವಾಗಿ ಮೋಸಗಾರನ ಕೈಗೆ. 2024ರ ಮದುವೆಯ ಹಂಗಾಮಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಇಂಥ ಲಗ್ನಪತ್ರಿಕೆಗಳ ಬಗ್ಗೆಯೇ ಸಾರ್ವಜನಿಕರನ್ನು ಎಚ್ಚರಿಸಿದ್ದರು. ಯಾವ ಆಮಂತ್ರಣವೂ 'ಇನ್‌ಸ್ಟಾಲ್' ಮಾಡು ಎಂದು ಕೇಳುವುದಿಲ್ಲ. ಅಪ್ಪಿತಪ್ಪಿ ಒತ್ತಿಬಿಟ್ಟು ಖಾತೆಯಿಂದ ಹಣ ಹೋದರೆ ಮೊದಲು ಫೋನಿನ ಡೇಟಾ ಆರಿಸಿ, ಬೇರೆ ಫೋನಿನಿಂದ 1930ಕ್ಕೆ ಮತ್ತು ಬ್ಯಾಂಕಿಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಾಗುತ್ತದೆ.

ಕಾನೂನೇನೋ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಬೇರೆಯವರ ಯಂತ್ರಕ್ಕೆ ವೈರಸ್ ಸೇರಿಸುವುದಕ್ಕೆ ಪರಿಹಾರ ತೆರಬೇಕೆನ್ನುತ್ತದೆ. ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಕಲಮಿನಂತೆ 3 ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ವನ್ನಾಕ್ರೈ ಥರದ್ದನ್ನು ಬರೆದವನನ್ನು ಹಿಡಿದು ತಂದರೂ ಅಂಗಡಿಯ ಹತ್ತು ವರ್ಷದ ಕಡತ ಮರಳುವುದಿಲ್ಲ. ಮರಳಿಸುವುದು ಇನ್ನೊಂದು ಪ್ರತಿ ಮಾತ್ರ. ಬೇಕಾದ ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದಂತೂ ಬೇರೆ ಮನೆಯಲ್ಲಿ ಎಂಬುದು ಈ ಕ್ಷೇತ್ರದ ಹಳಬರ ಲೆಕ್ಕ. ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆಮೇಲೆ ಅದರ ತಂತಿ ಕಳಚಿ ಕಪಾಟಿನಲ್ಲಿಡಬೇಕು. ಸದಾ ಚುಚ್ಚಿಯೇ ಇಟ್ಟ ಡಿಸ್ಕ್ ಪ್ರತಿಯಲ್ಲ. ವೈರಸ್ ಬಂದ ದಿನ ಅದನ್ನೂ ನುಂಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಎರಡು ವರ್ಷ ಹಿಂದಿನ ಯಾವುದಾದರೊಂದು ಲಗ್ನಪತ್ರಿಕೆ ತೆರೆದು ನೋಡಬೇಕು. ವಧೂವರರ ಹೆಸರು, ಮುಹೂರ್ತದ ಹೊತ್ತು ಅಚ್ಚುಕಟ್ಟಾಗಿ ಕಂಡರೆ ಪ್ರತಿ ಸರಿಯಿದೆ ಎಂದರ್ಥ.